ಹಿಂದಿನ ಸೀಟಿನ ಕೆಳಗಿನ ಸದ್ದು

೨೦೧೪ರ ಆಗಸ್ಟ್. ಆಗ ನಾನು ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದ ಒಂದು ವರ್ಕ್‌ಶಾಪಿನಲ್ಲಿ ಟೆಕ್ನಿಕಲ್ ಮ್ಯಾನೇಜರ್ ಆಗಿದ್ದೆ. ಕಾರಿನ ಒಳಗೆ ಕೇಳುವ ರಸ್ತೆಯ ಸದ್ದನ್ನು ಕಡಿಮೆ ಮಾಡಿಕೊಡುವುದು ನಮ್ಮ ಕೆಲಸ. ಅದಕ್ಕೆ ಮೊದಲು ಹದಿನೆಂಟು ವರ್ಷ ಬೆಂಗಳೂರಿನ ಹೊರವಲಯದ ಒಂದು ವಾಹನ ಕಾರ್ಖಾನೆಯ ನಾಯ್ಸ್ ಲ್ಯಾಬಿನಲ್ಲಿ ದುಡಿದಿದ್ದೆ. ಗಂಡನ ವ್ಯಾಪಾರ ನೈರೋಬಿಗೆ ಬಂದಾಗ ನಾನೂ ಬಂದೆ, ಬಂದ ಮೂರನೇ ತಿಂಗಳಿಗೆ ಕೆಲಸ ಹುಡುಕಿಕೊಂಡೆ. ಊರು ಮಂಗಳೂರು, ಮನೆಮಾತು ಕೊಂಕಣಿ, ಹೆಸರು ಐರಿನ್, ಬಾಯಿ ಸ್ವಲ್ಪ ಜೋರು. ಕೊನೆಯದು ನನ್ನ ಅಭಿಪ್ರಾಯವಲ್ಲ, ನನ್ನ ಜೊತೆ ಕೆಲಸ ಮಾಡಿದವರೆಲ್ಲರ ಅಭಿಪ್ರಾಯ.

ಈ ಕೆಲಸದ ಬಗ್ಗೆ ಜನರಿಗೆ ಒಂದು ತಪ್ಪು ಕಲ್ಪನೆ ಇದೆ. ಕಾರಿನೊಳಗೆ ಎಲ್ಲಾದರೂ ಒಂದಿಷ್ಟು ಶೀಟ್ ಅಂಟಿಸಿದರೆ ಸದ್ದು ಹೋಗುತ್ತದೆ ಅಂದುಕೊಳ್ಳುತ್ತಾರೆ. ಹಾಗಾಗಿದ್ದರೆ ನನಗೆ ಸಂಬಳ ಯಾಕೆ ಕೊಡಬೇಕು? ಟಯರು ರಸ್ತೆಗೆ ಉಜ್ಜಿದಾಗ ಎರಡು ಬಗೆಯಲ್ಲಿ ಸದ್ದು ಒಳಗೆ ಬರುತ್ತದೆ. ಒಂದು ಗಾಳಿಯ ಮೂಲಕ, ಇನ್ನೊಂದು ಕಾರಿನ ಲೋಹದ ಮೈ ನಡುಗುವುದರ ಮೂಲಕ. ಸ್ಟೀಲ್ ತಟ್ಟೆಗೆ ಚಮಚದಿಂದ ಹೊಡೆದರೆ ಅದು ಕುಂಯ್ ಎನ್ನುತ್ತದೆ, ಮೇಲೆ ಬೆರಳಿಟ್ಟರೆ ಸುಮ್ಮನಾಗುತ್ತದೆ. ಬೆರಳಿನ ಆ ಕೆಲಸವನ್ನು ಬ್ಯುಟೈಲ್ ರಬ್ಬರಿನ ಶೀಟ್ ಮಾಡುತ್ತದೆ. ಒಂದು ಮುಖಕ್ಕೆ ಅಲ್ಯೂಮಿನಿಯಂ ಹಾಳೆ, ಇನ್ನೊಂದು ಮುಖಕ್ಕೆ ಅಂಟು. ಅದರ ಮೇಲೆ ಸದ್ದು ಹೀರುವ ಫೋಮ್, ಎಲ್ಲಕ್ಕಿಂತ ಮೇಲೆ ಸದ್ದನ್ನು ತಡೆಯುವ ಭಾರದ ವಿನೈಲ್. ಈ ಕ್ರಮ ತಪ್ಪಿದರೆ ಕಾರಿನ ಭಾರ ಹೆಚ್ಚುತ್ತದೆಯೇ ಹೊರತು ಸದ್ದು ಕಡಿಮೆಯಾಗುವುದಿಲ್ಲ.

ಇದಕ್ಕೆಲ್ಲ ಮೊದಲು ಇನ್ನೊಂದು ಹೆಜ್ಜೆ ಇದೆ, ಅದನ್ನು ಬಿಟ್ಟವರನ್ನು ನಾನು ಕೆಲಸದಿಂದಲೇ ಬಿಡಿಸಿದ್ದೇನೆ. ಸೀಟು, ಕಾರ್ಪೆಟ್, ಹಳೆಯ ಶೀಟು ಎಲ್ಲ ಕಿತ್ತು ಬರಿಯ ಲೋಹವನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಬೇಕು. ಊರಿನಲ್ಲಿ ಹಲಸಿನ ಕಾಯಿ ತಟ್ಟಿ ಬಲಿತಿದೆಯೇ ಎಂದು ನೋಡುವುದಿಲ್ಲವೇ, ಹಾಗೆ. ಎಲ್ಲಿ ಲೋಹ ಹೆಚ್ಚು ಮೊಳಗುತ್ತದೋ ಅಲ್ಲಿ ಶೀಟ್ ಬೇಕು. ಎಲ್ಲಿ ಮೊಳಗುವುದೇ ಇಲ್ಲವೋ ಅಲ್ಲಿ ಏನೋ ಇದೆ. ತುಕ್ಕು ಇರಬಹುದು, ಬಿರುಕು ಮುಚ್ಚಲು ಮೆತ್ತಿದ ಪುಟ್ಟಿ ಇರಬಹುದು. ಸದ್ದು ಮಾಡುವ ಜಾಗಕ್ಕಿಂತ ಸದ್ದೇ ಮಾಡದ ಜಾಗಕ್ಕೆ ನಾನು ಹೆಚ್ಚು ಹೆದರುತ್ತೇನೆ.

ಆ ಸೋಮವಾರ ಬೆಳಿಗ್ಗೆ ಬಂದವರು ಶ್ರೀನಿಧಿ. ಬೆಂಗಳೂರಿನವರು, ಬ್ಯಾಂಕೊಂದರ ಐಟಿ ವಿಭಾಗದಿಂದ ಮೂರು ವರ್ಷದ ಪೋಸ್ಟಿಂಗ್ ಮೇಲೆ ಬಂದಿದ್ದರು, ಕಿಲೆಲೆಶ್ವಾದಲ್ಲಿ ಫ್ಲ್ಯಾಟು. ಮೂವತ್ತೈದರ ಆಸುಪಾಸಿನ, ಒಳ್ಳೆಯ ಮಾತಿನ ಮನುಷ್ಯ. ಜೊತೆಗೆ ಹೆಂಡತಿ ವಿನುತಾ. ಕಾರು ಜಪಾನಿನಿಂದ ಸೆಕೆಂಡ್ ಹ್ಯಾಂಡ್ ಆಗಿ ಇಳಿದ ಬೆಳ್ಳಿ ಬಣ್ಣದ ವ್ಯಾಗನ್. ನೈರೋಬಿಯಲ್ಲಿ ಅಂಥವು ಬೀದಿಗೆ ಹತ್ತು.

"ಮೇಡಂ, ಶುಕ್ರವಾರ ಸಂಜೆಯೊಳಗೆ ಬೇಕು. ಶನಿವಾರ ಬೆಳಿಗ್ಗೆ ಮೊಂಬಾಸಾಗೆ ಹೊರಡ್ತಿದೀವಿ. ಇವಳ ಅಪ್ಪ ಅಮ್ಮ ಮೈಸೂರಿಂದ ಬಂದಿದ್ದಾರೆ, ಪಾಪುನೂ ಇರ್ತಾಳೆ. ಹಿಂದೆ ಕೂತೋರಿಗೆ ಸೌಂಡ್ ಜಾಸ್ತಿ. ಏನೂ ಬಿಚ್ಚೋದು ಬೇಡ, ಇರೋದರ ಮೇಲೇ ಒಂದು ಲೇಯರ್ ಹಾಕ್ಬಿಡಿ."

ಬಿಚ್ಚುವುದು ಬೇಡವಂತೆ! ನನಗೆ ಮೈ ಉರಿಯುವ ಮಾತು ಅದು. "ಶರ್ಟಿನ ಮೇಲೆ ಮುಲಾಮು ಹಚ್ಚಿದ್ರೆ ಗಾಯ ವಾಸಿಯಾಗ್ತದಾ ಮಾರಾಯ್ರೆ?" ಎಂದೆ. ಅವರು ನಕ್ಕರು. ವಿನುತಾ ನಗಲಿಲ್ಲ.

"ಸೌಂಡ್ ಜಾಸ್ತಿ ಅಂತ ಅಲ್ಲ ಮೇಡಂ," ಎಂದಳು ಅವಳು. "ಒಂಥರಾ ಸೌಂಡ್. ನಾನು ಪಾಪು ಜೊತೆ ಯಾವಾಗ್ಲೂ ಹಿಂದೇನೇ ಕೂರೋದು. ಕಾಲ ಕೆಳಗಿಂದ ಬರುತ್ತೆ. ಯಾರೋ ನಿದ್ದೇಲಿ ಹಲ್ಲು ಕಡಿದ ಹಾಗೆ."

ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಗಿರಾಕಿಗಳು ಸಾಮಾನ್ಯವಾಗಿ ಗುಂಯ್ ಅನ್ನುತ್ತಾರೆ, ಬುರ್ ಅನ್ನುತ್ತಾರೆ. ಹಲ್ಲು ಕಡಿಯುವ ಸದ್ದು ಎಂದು ಯಾರೂ ಹೇಳಿರಲಿಲ್ಲ. ಟಯರು ಹಲ್ಲು ಕಡಿಯುವುದಿಲ್ಲ.

ಮೊದಲು ಕಾರನ್ನು ಓಡಿಸಿ ಅಳೆಯುವುದು ನಮ್ಮ ಪದ್ಧತಿ. ಶ್ರೀನಿಧಿ ಡ್ರೈವಿಂಗ್ ಸೀಟಿನಲ್ಲಿ, ನಾನು ಸೌಂಡ್ ಮೀಟರ್ ಹಿಡಿದು ಪಕ್ಕದಲ್ಲಿ, ವಿನುತಾ ಹಿಂದೆ. ಥಿಕಾ ರೋಡಿಗೆ ಹೋದೆವು. ಆಗಸ್ಟ್ ತಿಂಗಳ ನೈರೋಬಿ ಚಳಿಗೆ ಮುದುಡಿಕೊಂಡಿರುತ್ತದೆ, ಮಧ್ಯಾಹ್ನದವರೆಗೂ ಬಿಸಿಲಿನ ಮುಖ ಕಾಣುವುದಿಲ್ಲ. ಗಂಟೆಗೆ ಎಂಬತ್ತು ಕಿಲೋಮೀಟರ್ ವೇಗದಲ್ಲಿ ಮುಂದೆ ೭೧ ಡೆಸಿಬೆಲ್ ಬಂತು. ಆ ವಯಸ್ಸಿನ ಕಾರಿಗೆ ಅದು ಹೆಚ್ಚೇನಲ್ಲ. ಮೀಟರನ್ನು ಹಿಂದಿನ ಸೀಟಿನ ಕೆಳಗೆ ಹಿಡಿದಾಗ ೭೮. ಏಳು ಡೆಸಿಬೆಲ್ ಎಂದರೆ ಕೇಳಲು ಸಣ್ಣದು, ಆದರೆ ಮೂರು ಏರಿದರೇ ಸದ್ದಿನ ಶಕ್ತಿ ಎರಡು ಪಟ್ಟಾಗುತ್ತದೆ. ಒಂದೇ ಕಾರಿನ ಮುಂದಕ್ಕೂ ಹಿಂದಕ್ಕೂ ಇಷ್ಟು ಅಂತರ ನಾನು ನೋಡಿರಲಿಲ್ಲ.

ವಾಪಸು ಬರುವಾಗ ವರ್ಕ್‌ಶಾಪಿನ ಹತ್ತಿರದ ರಸ್ತೆ ಉಬ್ಬನ್ನು ಕಾರು ಓರೆಯಾಗಿ ಹತ್ತಿತು. ಒಂದು ಚಕ್ರ ಮೇಲೆ, ಇನ್ನೊಂದು ಕೆಳಗೆ. ಆಗ ಕೇಳಿತು. ಕಟ ಕಟ ಅಲ್ಲ, ಕಿರ್ ಎಂದೂ ಅಲ್ಲ. ಒತ್ತಿ ಒತ್ತಿ ಉಜ್ಜುವ, ಒಣಗಿದ ಸದ್ದು. ವಿನುತಾ ಹಿಂದಿನಿಂದ ನನ್ನ ಭುಜ ಮುಟ್ಟಿ, "ಕೇಳಿಸ್ತಾ?" ಎಂದಳು. ಟಯರಿನ ಸದ್ದು ವೇಗದ ಜೊತೆ ಏರಿಳಿಯುತ್ತದೆ. ಇದು ನಡಿಗೆಯ ವೇಗದಲ್ಲಿ ಬಂದಿತ್ತು. ಹಾಗಾದರೆ ಇದು ಟಯರಿನದಲ್ಲ.

"ಈ ಕಾರು ತಗೊಳ್ಳುವಾಗ ಯಾರಿಗಾದ್ರೂ ತೋರಿಸಿದ್ರಾ? ಲಿಫ್ಟ್ ಮೇಲೆ ಹತ್ತಿಸಿ ಕೆಳಗೆ ನೋಡಿದ್ರಾ?" ಎಂದು ಕೇಳಿದೆ.

ಶ್ರೀನಿಧಿ ನನ್ನನ್ನು ವಿಚಿತ್ರವಾಗಿ ನೋಡಿದರು. "ಇದು ಪ್ರಸನ್ನ ಸರ್ ಕಾರು ಮೇಡಂ."

ಇಲ್ಲಿ ಸ್ವಲ್ಪ ವಿವರಿಸಬೇಕು. ಕಂಪನಿ ಪೋಸ್ಟಿಂಗ್ ಮೇಲೆ ನೈರೋಬಿಗೆ ಬರುತ್ತಿದ್ದ ನಮ್ಮ ಕನ್ನಡದವರಲ್ಲಿ ಆಗ ಒಂದು ರೂಢಿ ಇತ್ತು. ಅವಧಿ ಮುಗಿಸಿ ಹೊರಡುವವರು ಹೊಸದಾಗಿ ಬಂದವರಿಗೆ ಎಲ್ಲವನ್ನೂ ದಾಟಿಸಿ ಹೋಗುತ್ತಿದ್ದರು. ಗ್ರೈಂಡರು, ಪ್ರೆಷರ್ ಕುಕ್ಕರು, ಮನೆಕೆಲಸದಾಕೆ, ಜೊತೆಗೆ ಕಾರು. ಬೇಳೆ ಯಾವ ಅಂಗಡಿಯಲ್ಲಿ ಒಳ್ಳೆಯದು ಸಿಗುತ್ತದೆ ಎಂದು ನ್ಗಾರಾ ಪೇಟೆಗೆ ಕರೆದುಕೊಂಡು ಹೋಗಿ ತೋರಿಸಿ, ಅದೇ ದಿನ ಕಾರಿನ ಕೀಯನ್ನೂ ಕೈಗಿಡುವುದು. ಒಳ್ಳೆಯ ರೂಢಿಯೇ, ನಾನು ಬೈಯುವುದಿಲ್ಲ. ಪರದೇಶದಲ್ಲಿ ಅಷ್ಟು ಆಸರೆ ಯಾರು ಕೊಡುತ್ತಾರೆ? ಆದರೆ ಹಾಗೆ ಕೊಟ್ಟ ಕಾರನ್ನು ಮೆಕ್ಯಾನಿಕ್‌ಗೆ ತೋರಿಸುವುದು ಮರ್ಯಾದೆಯಲ್ಲ. ನಮ್ಮವರ ಮೇಲೆ ಅನುಮಾನಪಟ್ಟ ಹಾಗೆ. ಅದರಲ್ಲೂ ಪ್ರಸನ್ನ ಅವರು ಶ್ರೀನಿಧಿಯ ಸೀನಿಯರ್, ಬೆಂಗಳೂರಿಗೆ ಹಿಂತಿರುಗಿ ದೊಡ್ಡ ಹುದ್ದೆಯಲ್ಲಿದ್ದವರು. ಅವರಿಗೂ ಆ ಕಾರು ಅದಕ್ಕೆ ಹಿಂದಿನ ಕನ್ನಡದವರಿಂದಲೇ ಬಂದಿತ್ತು, ಆ ಹಿಂದಿನವರಿಗೆ ಅವರ ಹಿಂದಿನವರಿಂದ. ಶ್ರೀನಿಧಿ ನಾಲ್ಕನೆಯವರು. ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸಿದ್ದ ಪುಟ್ಟ ಗಣಪತಿ ಮೊದಲನೆಯವರದು. ಬಾನೆಟ್ಟಿನ ಮೇಲೆ ಆಯುಧಪೂಜೆಯ ಕುಂಕುಮದ ಕಲೆ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗಿತ್ತು. ಪೂಜೆ ತಪ್ಪದೆ ಆಗಿತ್ತು, ತಪಾಸಣೆ ಒಮ್ಮೆಯೂ ಆಗಿರಲಿಲ್ಲ.

ಮಂಗಳವಾರ ಬಿಚ್ಚಲು ಕೂತೆವು. ನಮ್ಮ ಹಿರಿಯ ಫುಂಡಿ ಕಮಾವು ನನ್ನ ಜೊತೆಗಿದ್ದ. ಫುಂಡಿ ಎಂದರೆ ಅಲ್ಲಿ ಮೇಸ್ತ್ರಿ, ಮೆಕ್ಯಾನಿಕ್ ಎಲ್ಲಾ. ಜಗಳಗಂಟ, ಕ್ರಿಕೆಟ್ ಬಗ್ಗೆ ನನ್ನನ್ನು ಗೇಲಿ ಮಾಡುವವ, ಆದರೆ ಕೈ ಚೊಕ್ಕ. ಮುಂದಿನ ನೆಲದ ಕಾರ್ಪೆಟ್ ತೆಗೆದಾಗ ಕಾರ್ಖಾನೆಯ ಅಸಲಿ ಶೀಟು ಅಚ್ಚುಕಟ್ಟಾಗಿ ಕೂತಿತ್ತು. ಅದರ ಅಂಚು ಎಬ್ಬಿಸಿ ಲೋಹ ತಟ್ಟಿದೆ, ಚೆನ್ನಾಗಿ ಮೊಳಗಿತು. ಹಿಂದಿನ ಸೀಟು ಕಿತ್ತಾಗ ಬೇರೆಯೇ ಶೀಟು ಕಾಣಿಸಿತು. ದಪ್ಪನೆಯ ಕಪ್ಪು ಬಿಟುಮೆನ್, ಡಾಂಬರಿನಂಥದ್ದು, ಉರಿ ಹಿಡಿದು ಕರಗಿಸಿ ಅಂಟಿಸಿದ್ದು, ಅಂಚುಗಳಲ್ಲಿ ಬೆರಳಚ್ಚು ಕೂಡ ಉಳಿದಿತ್ತು. ಯಾರೋ ನಮಗಿಂತ ಮೊದಲೇ ಈ ಸದ್ದನ್ನು ಮುಚ್ಚಲು ನೋಡಿದ್ದರು.

ತಟ್ಟಿದೆ. ಏನೂ ಇಲ್ಲ. ಗೋಡೆಗೆ ಹೊಡೆದ ಹಾಗೆ. ನಾಲ್ಕು ಬೆರಳು ಪಕ್ಕಕ್ಕೆ ತಟ್ಟಿದೆ. ಏನೂ ಇಲ್ಲ. ಬಲಬಾಗಿಲಿನಿಂದ ಎಡಬಾಗಿಲಿನವರೆಗೆ ತಟ್ಟುತ್ತಾ ಹೋದೆ, ಅಂಗೈಯಗಲದ ಒಂದು ಪಟ್ಟಿ ಉದ್ದಕ್ಕೂ ಸತ್ತಂತೆ ಬಿದ್ದಿತ್ತು. ಕಮಾವು ರೇಡಿಯೋ ಆರಿಸಿದ.

ಬಿಟುಮೆನ್ ಕೀಳಲು ಡ್ರೈ ಐಸ್ ಬಳಸುತ್ತೇವೆ. ಮೇಲೆ ಹರಡಿ ಸ್ವಲ್ಪ ಹೊತ್ತು ಬಿಟ್ಟರೆ ಶೀಟು ಚಳಿಗೆ ಸೆಟೆದು ಹಪ್ಪಳದ ಹಾಗಾಗುತ್ತದೆ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಚೂರಾಗಿ ಏಳುತ್ತದೆ. ಎದ್ದಿತು. ಅದರ ಕೆಳಗೆ ಲೋಹ ಇರಬೇಕಿತ್ತು, ಇದ್ದದ್ದು ಬೂದು ಬಣ್ಣದ ಪುಟ್ಟಿ. ಪುಟ್ಟಿಯ ಉದ್ದಕ್ಕೂ ಕೂದಲೆಳೆಯಂಥ ಬಿರುಕು. ಕಮಾವು ಉಳಿಯಿಂದ ಪುಟ್ಟಿ ಕೆರೆದ. ಕೆಳಗೆ ಒಂದು ಗೆರೆ ಕಂಡಿತು, ಕಾರಿನ ಅಗಲಕ್ಕೂ. ಗೆರೆಯ ಮುಂದಿನ ಲೋಹಕ್ಕೆ ಬೆಳ್ಳಿ ಬಣ್ಣ, ಹಿಂದಿನ ಲೋಹಕ್ಕೆ ತೆಳುವಾದ ಬಣ್ಣದಡಿ ಕಡುನೀಲಿ.

ಅದು ಒಂದು ಕಾರಲ್ಲ. ಎರಡು ಕಾರು. ಹಿಂದಿನಿಂದ ಗುದ್ದಿಸಿಕೊಂಡ ಬೆಳ್ಳಿಯ ಕಾರಿನ ಮುಂಭಾಗ, ಮುಂದೆ ನುಜ್ಜುಗುಜ್ಜಾದ ನೀಲಿ ಕಾರಿನ ಹಿಂಭಾಗ. ಎಲ್ಲೋ ಯಾರೋ ಎರಡನ್ನೂ ಕತ್ತರಿಸಿ, ಸೇರಿಸಿ, ಅಲ್ಲಲ್ಲಿ ವೆಲ್ಡಿಂಗಿನ ಹೊಲಿಗೆ ಹಾಕಿ, ಪುಟ್ಟಿ ಮೆತ್ತಿ, ಬಣ್ಣ ಬಳಿದು ಮಾರಿದ್ದರು. ನಾಲ್ಕು ಕುಟುಂಬಗಳು ಅದರಲ್ಲಿ ಓಡಾಡಿದ್ದವು. ನೈರೋಬಿಯ ರಸ್ತೆ ಉಬ್ಬುಗಳನ್ನು ಹತ್ತಿ ಇಳಿದಾಗಲೆಲ್ಲ ಹೊಲಿಗೆಗಳು ಒಂದೊಂದಾಗಿ ಬಿಟ್ಟಿದ್ದವು. ಬಿಟ್ಟ ಅಂಚುಗಳು ಒಂದಕ್ಕೊಂದು ಉಜ್ಜುತ್ತಿದ್ದುದೇ ಆ ಹಲ್ಲು ಕಡಿಯುವ ಸದ್ದು.

ಕಮಾವು ಗರಗಸದ ಬ್ಲೇಡನ್ನು ಗೆರೆಯೊಳಗೆ ತೂರಿಸಿದ. ಪೂರ್ತಿ ಇಳಿಯಿತು. ಬ್ಲೇಡ್ ತೆಗೆದಾಗ ಆ ಸಂದಿಯಲ್ಲಿ ಕಾರಿನಡಿಯ ಬೆಳಕು ಕಂಡಿತು. ಅವನು ನನ್ನ ಕಡೆ ತಿರುಗಿ, "ಹತಾರಿ, ಮಮಾ," ಎಂದ. ಅಪಾಯ ಅಮ್ಮಾ ಎಂದು. ಅಂದು ಅವನು ಆಮೇಲೆ ಗೇಲಿ ಮಾಡಲಿಲ್ಲ.

ಬುಧವಾರ ಶ್ರೀನಿಧಿಯನ್ನು ಕರೆಸಿದೆ. ಒಬ್ಬರೇ ಬಂದರು. ಗೆರೆ ತೋರಿಸಿದೆ, ಬ್ಲೇಡ್ ತೂರಿಸಿ ತೋರಿಸಿದೆ, ಎರಡು ಬಣ್ಣ ತೋರಿಸಿದೆ. ಅವರ ಮುಖ ಮೊದಲು ಬಿಳಚಿತು, ಆಮೇಲೆ ಗಟ್ಟಿಯಾಯಿತು.

"ಸರ್ ನಾಲ್ಕು ವರ್ಷ ಓಡಿಸಿದ್ದಾರೆ ಮೇಡಂ. ಏನೂ ಆಗಿಲ್ಲ."

"ಆಗುವುದು ಒಂದೇ ಸಲ ಮಾರಾಯ್ರೆ. ಮೊಂಬಾಸಾ ರೋಡಿನಲ್ಲಿ ಲಾರಿ ಹಿಂದಿಕ್ಕುವಾಗ ಜೋರಾಗಿ ಒಂದು ಗುಂಡಿಗೆ ಬಿದ್ರೆ ಹಿಂದಿನ ಭಾಗ ತಿರುಚಿಕೊಳ್ತದೆ. ಹಿಂದೆ ಯಾರು ಕೂರುವುದು? ನಿಮ್ಮ ಹೆಂಡತಿ, ಮಗಳು, ಅತ್ತೆ, ಮಾವ. ಸೀಟ್ ಬೆಲ್ಟಿನ ಬೋಲ್ಟು ಕೂಡ ಆ ಸತ್ತ ಲೋಹದಲ್ಲೇ ಇರುವುದು."

"ವೆಲ್ಡ್ ಮಾಡಿಸಿದ್ರೆ?"

"ಸುತ್ತಲಿನ ಲೋಹ ತುಕ್ಕು ಹಿಡಿದಿದೆ. ನೆಲ ಮಾತ್ರ ಅಲ್ಲ, ಬಾಗಿಲ ಕೆಳಗಿನ ಪಟ್ಟಿ, ಮೇಲಿನ ಕಂಬ ಎಲ್ಲ ಹೀಗೇ ಹೊಲಿದದ್ದು. ನಾನು ಕೈ ಹಾಕುದಿಲ್ಲ, ಶೀಟೂ ಹಾಕುದಿಲ್ಲ."

ಪ್ರಸನ್ನ ಅವರಿಗೆ ಒಂದು ಫೋನ್ ಮಾಡಿ ಎಂದೆ. ಶ್ರೀನಿಧಿ ತಲೆ ಅಲ್ಲಾಡಿಸಿದರು. "ಏನಂತ ಕೇಳ್ಲಿ? ನೀವು ನಂಗೆ ಎರಡು ತುಂಡು ಅಂಟಿಸಿದ ಕಾರು ಕೊಟ್ರಿ ಅಂತನಾ? ಅವರು ನನಗೆ ಇಲ್ಲಿ ಎಷ್ಟು ಹೆಲ್ಪ್ ಮಾಡಿದ್ದಾರೆ ಗೊತ್ತಾ? ಮುಖ ತೋರಿಸೋಕೆ ಆಗುತ್ತಾ ಆಮೇಲೆ?" ಗೆರೆಯಿಂದ ಮುಖ ತಿರುಗಿಸಿ, "ಮೇಡಂ, ಸೀಟೆಲ್ಲ ವಾಪಸ್ ಹಾಕಿಸಿ ಇಡಿ. ನಾಳೆ ತಗೊಂಡು ಹೋಗ್ತೀನಿ. ಶೀಟು ನ್ಗಾರಾದಲ್ಲಿ ಯಾರಾದ್ರೂ ಹಾಕಿಕೊಡ್ತಾರೆ. ಟ್ರಿಪ್ ಮುಗಿಸಿ ಬಂದು ಏನಾದ್ರೂ ಮಾಡೋಣ. ವಿನುತಾಗೆ ಮಾತ್ರ ಹೇಳ್ಬೇಡಿ, ಸುಮ್ನೆ ಭಯ ಬೀಳ್ತಾಳೆ," ಎಂದರು.

ಭಯ ಬೀಳಬೇಕಾದ ಜಾಗದಲ್ಲಿ ಕೂರುವವಳಿಗೆ ಭಯದ ಸುದ್ದಿ ಹೇಳಬಾರದಂತೆ! ನನಗೆ ಬಾಯಿಗೆ ಬಂದದ್ದು ಕೊಂಕಣಿಯಲ್ಲಿತ್ತು, ಅವರಿಗೆ ಅರ್ಥವಾಗಲಿಲ್ಲ, ಒಳ್ಳೆಯದೇ ಆಯಿತು. ಕಾರು ಅವರದು, ಕೀ ಅವರದು. ತಡೆದು ಇಟ್ಟುಕೊಳ್ಳುವ ಅಧಿಕಾರ ನನಗೆ ಇರಲಿಲ್ಲ. ನಾನು ಶೀಟ್ ಹಾಕದಿದ್ದರೆ ಇನ್ನೊಬ್ಬರು ಅರ್ಧ ದಿನದಲ್ಲಿ ಹಾಕಿಕೊಡುತ್ತಾರೆ ಎಂಬುದೂ ನಿಜ. ಅದೇ ನನ್ನನ್ನು ಕೊರೆಯುತ್ತಿದ್ದದ್ದು. ಹೊಸ ಶೀಟು, ಫೋಮ್, ವಿನೈಲ್ ಮೂರೂ ಬಿದ್ದರೆ ಆ ಸದ್ದು ನಿಜವಾಗಿಯೂ ನಿಂತುಹೋಗುತ್ತದೆ. ವಿನುತಾ ಹಾಯಾಗಿ ಕಾಲು ಚಾಚಿ ಕೂರುತ್ತಾಳೆ, ಮಗು ನಿದ್ದೆ ಮಾಡುತ್ತದೆ. ಹೊಲಿಗೆಗಳು ಮಾತ್ರ ತಮ್ಮ ಪಾಡಿಗೆ ಬಿಡುತ್ತಾ ಇರುತ್ತವೆ, ಯಾರಿಗೂ ಕೇಳಿಸದೆ. ಇಷ್ಟು ವರ್ಷ ನಾನು ಹೊಟ್ಟೆ ಹೊರೆದ ವಿದ್ಯೆ ಅವರನ್ನು ಕೊಲ್ಲಲು ಎಷ್ಟು ಅನುಕೂಲವಾಗಿತ್ತು ಎಂದು ಯೋಚಿಸಿ ನನಗೆ ಆ ದಿನ ಊಟ ಸೇರಲಿಲ್ಲ.

ಗುರುವಾರ ಶ್ರೀನಿಧಿ ಬಂದಾಗ ಜೊತೆಗೆ ವಿನುತಾ ಇದ್ದಳು. ಅಲ್ಲಿಂದ ಹಾಗೇ ಮಗುವಿನ ಚೈಲ್ಡ್ ಸೀಟ್ ಕೂರಿಸಿಕೊಂಡು ಹೋಗೋಣವೆಂದು ತಾನೇ ಹೊತ್ತು ತಂದಿದ್ದಳು. ಶ್ರೀನಿಧಿ ಅವಳ ಬೆನ್ನ ಹಿಂದೆ ನಿಂತು ನನಗೆ ಕಣ್ಣಲ್ಲೇ ಬೇಡ ಎಂದರು. ನಾನು ಸೀಟು ವಾಪಸು ಹಾಕಿಸಿರಲಿಲ್ಲ. ಕೆಲಸ ತಡವಾಯಿತು ಎಂದು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

"ವಿನುತಾ, ನೀವು ಆ ಸದ್ದು ಕೇಳಬೇಕಾದ್ರೆ ರಸ್ತೆಗೆ ಹೋಗುದು ಬೇಡ," ಎಂದೆ. "ಇಲ್ಲಿ ನಿಂತುಕೊಳ್ಳಿ. ಒಳಗೆ ಕೂರಬೇಡಿ, ಬಾಗಿಲ ಹತ್ತಿರ."

ಗೆರೆಗೆ ಅಡ್ಡವಾಗಿ ಮೂರು ಕಡೆ ಕಾಗದದ ಟೇಪ್ ಅಂಟಿಸಿದೆ. ಕಮಾವು ಹಿಂದಿನ ಎಡಚಕ್ರದ ಪಕ್ಕ ಕಾರಿನ ಅಡಿಗೆ ಜಾಕ್ ಇಟ್ಟು ಹಿಡಿ ಒತ್ತಿದ. ಪೋಲೆ ಪೋಲೆ ಎಂದೆ, ನಿಧಾನ ಎಂದು. ಚಕ್ರ ನೆಲ ಬಿಟ್ಟಿತು. ಗಟ್ಟಿಯಾದ ಕಾರಿನಲ್ಲಾದರೆ ಇಡೀ ಮೈ ಒಟ್ಟಿಗೆ ಏಳುತ್ತದೆ. ಇಲ್ಲಿ ಹಿಂಭಾಗ ಮೊದಲು ಎದ್ದಿತು, ಮುಂಭಾಗ ಆಮೇಲೆ. ಆ ನಡುವಿನ ಗಳಿಗೆಯಲ್ಲಿ ಸದ್ದು ಬಂತು. ಮುಚ್ಚಲು ಕಾರ್ಪೆಟ್ ಇಲ್ಲ, ಶೀಟು ಇಲ್ಲ. ಸೀದಾ, ಹಸಿಯಾಗಿ, ವರ್ಕ್‌ಶಾಪಿನ ತಗಡಿನ ಮಾಡಿಗೆ ಬಡಿದು ಹಿಂತಿರುಗಿತು. ಮೂರು ಟೇಪುಗಳೂ ಸುಕ್ಕಾಗಿ, ಬಿಗಿದು, ಹರಿದವು.

"ಇದೇ," ಎಂದಳು ವಿನುತಾ. "ಇದೇ ಸೌಂಡ್. ಏನಿದು?"

ಹೇಳಿದೆ. ಎರಡು ವಾಕ್ಯದಲ್ಲಿ ಹೇಳಿದೆ. ಅವಳು ಬಗ್ಗಿ ಆ ಗೆರೆಯ ಮೇಲೆ ಬೆರಳಾಡಿಸಿದಳು, ಬಲದಿಂದ ಎಡಕ್ಕೆ. ಎದ್ದು ಗಂಡನ ಕಡೆ ನೋಡಿದಳು. ಅವರ ಮುಖ ನೋಡಿದ ಕೂಡಲೇ ಅವಳಿಗೆ ಅರ್ಥವಾಯಿತು.

"ನಿಂಗೆ ಗೊತ್ತಿತ್ತಾ ಶ್ರೀ?"

"ನಿನ್ನೆ ಗೊತ್ತಾಯ್ತು. ಬಂದ್ಮೇಲೆ ನೋಡೋಣ ಅಂತ..."

"ಯಾರು ಬಂದ್ಮೇಲೆ?" ಎಂದಳು. ಅಷ್ಟೇ. ಕೂಗಲಿಲ್ಲ, ಅಳಲಿಲ್ಲ. ತಂದಿದ್ದ ಚೈಲ್ಡ್ ಸೀಟನ್ನು ಮತ್ತೆ ಎತ್ತಿಕೊಂಡು ವರ್ಕ್‌ಶಾಪಿನ ಬೆಂಚಿನ ಮೇಲಿಟ್ಟು, ಪಕ್ಕದಲ್ಲಿ ಕೂತಳು. "ನೀನು ಬೇಕಾದ್ರೆ ಇದರಲ್ಲಿ ಹೋಗು. ನಾವು ಯಾರೂ ಬರಲ್ಲ. ಈಗ ಪ್ರಸನ್ನ ಸರ್‌ಗೆ ಫೋನ್ ಮಾಡು. ನನ್ನೆದುರಿಗೇ ಮಾಡು."

ಶ್ರೀನಿಧಿ ಫೋನ್ ಮಾಡಿದರು. ಸ್ಪೀಕರಿನಲ್ಲಿಟ್ಟರು. ಕಾರಿನ ಭಯಕ್ಕಿಂತ ಆ ಫೋನಿನ ಭಯವೇ ಹೆಚ್ಚಾಗಿತ್ತು ಅವರಿಗೆ. ಬೆಂಗಳೂರಿನಿಂದ ಪ್ರಸನ್ನ ಅವರ ಹರ್ಷದ ದನಿ ಬಂತು. "ಏನಯ್ಯಾ ಶ್ರೀನಿಧಿ, ಹೇಗಿದೆ ನಮ್ಮ ಕಾರು? ಸರಿ ಓಡ್ತಿದ್ಯಾ?"

ಶ್ರೀನಿಧಿ ತಡವರಿಸುತ್ತಾ ಎಲ್ಲ ಹೇಳಿದರು. ಬೈಯುತ್ತಾರೆ ಎಂದುಕೊಂಡೆವು.

"ಆ ಸದ್ದು ನಂಗೂ ಕೇಳಿಸ್ತಿತ್ತು," ಎಂದರು ಪ್ರಸನ್ನ. ದನಿಯಲ್ಲಿ ಹರ್ಷ ಹೋಗಿತ್ತು. "ಮೊದಲನೇ ವರ್ಷದಿಂದಾನೂ. ಕೊಟ್ಟೋರನ್ನ ಕೇಳೋಣ ಅನ್ಕೊಂಡೆ. ಏನಂದ್ಕೋತಾರೋ ಅಂತ ಕೇಳ್ಲಿಲ್ಲ. ಆ ಕಪ್ಪು ಶೀಟು ನಾನೇ ಹಾಕ್ಸಿದ್ದು ಕಣಯ್ಯಾ. ಹಾಕಿಸಿದ್ಮೇಲೆ ಕಮ್ಮಿ ಆಯ್ತು, ಮರೆತುಬಿಟ್ಟೆ. ನನ್ನ ಮಗಳು ಡ್ರೈವಿಂಗ್ ಕಲಿತಿದ್ದು ಅದರಲ್ಲೇ."

ಆಮೇಲೆ ಅವರೇ, "ಆ ಕಾರನ್ನ ಯಾರಿಗೂ ಕೊಡಬೇಡ," ಎಂದು ಫೋನ್ ಇಟ್ಟರು.

ಅವರು ಹಾಗೆ ಹೇಳಿದ್ದಕ್ಕೆ ಕಾರಣವಿತ್ತು. ಮುಂದಿನ ತಿಂಗಳು ಅದೇ ಬ್ಯಾಂಕಿಗೆ ಬೆಂಗಳೂರಿನಿಂದ ಇನ್ನೊಂದು ಕುಟುಂಬ ಬರುವುದಿತ್ತು. ಶ್ರೀನಿಧಿ ಹೊಸ ಕಾರು ತೆಗೆದುಕೊಳ್ಳುವುದಾದರೆ ಹಳೆಯದು ತಮಗಿರಲಿ ಎಂದು ಆ ಮನೆಯವರು ಆಗಲೇ ಹೇಳಿ ಕಳಿಸಿದ್ದರು. ನೋಡುವುದೇನೂ ಬೇಡ, ನಮ್ಮವರ ಕಾರಲ್ಲವೇ ಎಂದೂ ಹೇಳಿದ್ದರಂತೆ. ಕಾರು ಇನ್ನೂ ಓಡುತ್ತಿತ್ತು, ಪಾಲಿಶ್ ಮಾಡಿದರೆ ಮಿರಮಿರ ಮಿಂಚುತ್ತಿತ್ತು. ಅದು ಐದನೆಯವರ ಮನೆ ಬಾಗಿಲಿಗೆ ಹೋಗಿ ನಿಲ್ಲಲು ಏನೂ ತಡೆ ಇರಲಿಲ್ಲ.

ಮೊಂಬಾಸಾಗೆ ಶ್ರೀನಿಧಿಯ ಮನೆಯವರು ಬಸ್ಸಿನಲ್ಲಿ ಹೋದರು, ಹಿಂತಿರುಗಿ ಬಂದರು. ಬಂದ ಮೇಲೆ ಒಂದು ಬುಧವಾರ ಗುಜರಿಯವರು ಗ್ಯಾಸ್ ಕಟರ್ ತಂದು ನಮ್ಮ ಅಂಗಳದಲ್ಲೇ ಕಾರನ್ನು ಕತ್ತರಿಸಿದರು. ಇಡಿಯಾಗಿ ಗೇಟಿನಿಂದಾಚೆ ಹೋಗಬಾರದು ಎಂಬುದು ನನ್ನ ಷರತ್ತು. ಶ್ರೀನಿಧಿ ತಾವೇ ಬಂದು ನಿಂತಿದ್ದರು. ಡ್ಯಾಶ್‌ಬೋರ್ಡಿನ ಗಣಪತಿಯನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿ ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು. ಕಟರಿನವರು ಮೊದಲು ಚಾವಣಿಯ ಕಂಬಗಳನ್ನು ಕತ್ತರಿಸಿದರು, ಆಮೇಲೆ ಬಾಗಿಲ ಕೆಳಗಿನ ಪಟ್ಟಿಗಳನ್ನು. ಕಾರಿನ ನೆಲಕ್ಕೆ ಇನ್ನೂ ಬೆಂಕಿ ತಾಗಿರಲಿಲ್ಲ. ಅಷ್ಟರಲ್ಲಿ ಅದೇ ಸದ್ದು ಬಂತು, ಈ ಸಲ ಉದ್ದಕ್ಕೆ. ಕಾರಿನ ಹಿಂಭಾಗ ತನ್ನ ಭಾರಕ್ಕೇ ಕುಸಿದು ನೆಲದ ಮೇಲೆ ಕೂತುಬಿಟ್ಟಿತು. ಶ್ರೀನಿಧಿ ಎರಡು ಹೆಜ್ಜೆ ಹಿಂದೆ ಸರಿದು, ಅಲ್ಲೇ ಇದ್ದ ಟಯರಿನ ಮೇಲೆ ಕೂತರು. ಕಮಾವು ಅವರಿಗೆ ನೀರು ತಂದುಕೊಟ್ಟ.

ಬಿದ್ದ ತುಂಡನ್ನು ನಾನು ಹತ್ತಿರದಿಂದ ನೋಡಿದೆ. ವೆಲ್ಡಿಂಗಿನ ಹೊಲಿಗೆಗಳಲ್ಲಿ ತುಕ್ಕು ಕುಡಿದು ಕಪ್ಪಾದವು ಹಿಂದೆಂದೋ ಬಿಟ್ಟವು, ಹೊಳೆಯುತ್ತಿದ್ದವು ಆಗಷ್ಟೇ ಬಿಟ್ಟವು. ಎಣಿಸುವುದು ನನ್ನ ಹಳೆಯ ಚಾಳಿ, ಎಣಿಸಿದೆ. ಯಾರಿಗೂ ಹೇಳಲಿಲ್ಲ, ಯಾರೂ ಕೇಳಲಿಲ್ಲ.

ಕೇಳಿದವರು ಪ್ರಸನ್ನ. ಒಂದು ತಿಂಗಳ ಮೇಲೆ, ಕೆಲಸದ ವೇಳೆಯಲ್ಲಿ, ನನ್ನ ಟೇಬಲ್ಲಿನ ಫೋನು ಮೊಳಗಿತು. ಪರಿಚಯ ಹೇಳಿಕೊಂಡರು. ನಂಬರನ್ನು ಶ್ರೀನಿಧಿಯಿಂದ ಪಡೆದಿದ್ದಾಗಿ ಹೇಳಿ, ತೊಂದರೆ ಕೊಟ್ಟದ್ದಕ್ಕೆ ಕ್ಷಮೆ ಕೇಳಿದರು. ನೈರೋಬಿಯ ಹವೆ ವಿಚಾರಿಸಿದರು. ನಾನು ಕಾಯುತ್ತಿದ್ದೆ.

"ಮೇಡಂ, ಒಂದು ವಿಷಯ ಕೇಳ್ಬೇಕಿತ್ತು. ಆ ಹೊಲಿಗೆಗಳಲ್ಲಿ ಇನ್ನೂ ಹಿಡಿದುಕೊಂಡಿದ್ದು ಎಷ್ಟಿತ್ತು? ನಿಜ ಹೇಳಿ."

ಆ ಗಳಿಗೆಯಲ್ಲಿ ನನಗೂ ಒಂದು ಶೀಟು ಹುಡುಕುವ ಆಸೆಯಾಯಿತು. ಮನುಷ್ಯ ರಾತ್ರಿ ನಿದ್ದೆಗೆಟ್ಟಿದ್ದಾರೆ ಎಂದು ದನಿಯಲ್ಲೇ ತಿಳಿಯುತ್ತಿತ್ತು. ಪರವಾಗಿಲ್ಲ ಸರ್, ಸುಮಾರು ಗಟ್ಟಿಯೇ ಇತ್ತು, ಈಗ ಅದೆಲ್ಲ ಯಾಕೆ ಎಂದರೆ ಇಬ್ಬರಿಗೂ ಸುಖ. ಮೆತ್ತಗಿನ ಮಾತು ಹಾಸಿ ಮುಚ್ಚಿಬಿಡುವುದು ಎಷ್ಟು ಸುಲಭ. ನಾಲ್ಕು ಮನೆಯವರು ಒಬ್ಬರಿಗೊಬ್ಬರು ಮಾಡಿದ್ದೂ ಅದನ್ನೇ. ಅವರಲ್ಲಿ ಕೆಟ್ಟವರು ಒಬ್ಬರೂ ಇರಲಿಲ್ಲ, ಎಲ್ಲರಿಗೂ ಸದ್ದು ಕೇಳಿಸಿರಬೇಕು, ಎಲ್ಲರೂ ಮರ್ಯಾದೆಗೆ ಸುಮ್ಮನಿದ್ದಿರಬೇಕು.

"ನೆಲದಲ್ಲಿ ಮೂವತ್ತು ಹೊಲಿಗೆ ಇತ್ತು ಸರ್," ಎಂದೆ. "ಹಿಡಿದದ್ದು ಒಂಬತ್ತು."

ಫೋನ್ ಇಡುತ್ತಾರೆ ಅಂದುಕೊಂಡೆ. ಇಡಲಿಲ್ಲ.

"ನನಗೆ ಕಾರು ಕೊಟ್ಟೋರು ಈಗ ಪುಣೆಯಲ್ಲಿದ್ದಾರೆ," ಎಂದರು. "ಅವರಿಗೂ ಅವತ್ತೇ ಫೋನ್ ಮಾಡಿದೆ. ಅವರೂ ಅದನ್ನೇ ಹೇಳಿದ್ರು. ಸದ್ದು ಕೇಳಿಸ್ತಿತ್ತು, ಕೇಳೋಕೆ ಸಂಕೋಚ ಆಯ್ತು ಅಂತ." ಆಮೇಲೆ, "ಹೇಳಿದ್ದಕ್ಕೆ ಥ್ಯಾಂಕ್ಸ್ ಮೇಡಂ," ಎಂದು ಫೋನ್ ಇಟ್ಟರು.

ಅದಾದ ಮೇಲೆ ಐದು ವರ್ಷ ನಾನು ಅದೇ ವರ್ಕ್‌ಶಾಪಿನಲ್ಲಿದ್ದೆ. ನೂರಾರು ಕಾರುಗಳ ಸದ್ದು ಇಳಿಸಿದೆ, ಅದರಲ್ಲಿ ನನಗೆ ಹೆಮ್ಮೆಯೂ ಇದೆ. ಆದರೆ ಕಾರು ತಂದವರು, ಮೇಡಂ ಈ ಸದ್ದು ಒಂದು ನಿಲ್ಲಿಸಿಕೊಡಿ ಎಂದಾಗ ನಾನು ಮೊದಲು ಕಾರಿನ ಹಿಂದಿನ ಸೀಟಿನಲ್ಲಿ ಯಾವಾಗಲೂ ಕೂರುವವರು ಯಾರು ಎಂದು ಕೇಳುತ್ತಿದ್ದೆ. ಅವರನ್ನು ಕರೆದುಕೊಂಡು ಬನ್ನಿ, ಸದ್ದು ಹೇಗಿದೆ ಎಂದು ಅವರ ಬಾಯಿಂದಲೇ ಕೇಳಬೇಕು ಎನ್ನುತ್ತಿದ್ದೆ. ಸದ್ದು ನಿಲ್ಲಿಸುವ ವಿದ್ಯೆಯಲ್ಲಿ ಅರ್ಧ ಪಾಲು ಅದನ್ನು ಪೂರ್ತಿ ಕೇಳಿಸಿಕೊಳ್ಳುವುದರಲ್ಲಿದೆ ಎಂದು ಕೆಲಸ ನನಗೆ ಕಲಿಸಿತು. ಕೆಲವರಿಗೆ ಇದು ತಲೆನೋವು, ಬೇರೆ ವರ್ಕ್‌ಶಾಪಿಗೆ ಹೋಗುತ್ತಿದ್ದರು. ಹೋಗಲಿ ಎಂದು ನಾನು ಬಿಡುತ್ತಿರಲಿಲ್ಲ. ಗೇಟಿನವರೆಗೂ ಹಿಂದೆ ಹೋಗಿ, ಮೊದಲು ಕೆಳಗೆ ಒಮ್ಮೆ ನೋಡಿಸಿ ಮಾರಾಯ್ರೆ ಎಂದು ಕೂಗಿ ಹೇಳಿ ಬರುತ್ತಿದ್ದೆ.